ಕಾಯಿಲೆ ಹಕ್ಕಿ ‘ಕಾಣಲಿಲ್ಲ’: ಹೌಸ್ ಫಿಂಚ್ ಕಣ್ಣುಬೇನೆಯ ಪ್ರಕರಣ

1994ರ ಚಳಿಗಾಲ. ಅಮೆರಿಕದ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಕೆಲವರ ಹಿತ್ತಲಿಗೆ ಬರುತ್ತಿದ್ದ ಹಕ್ಕಿಗಳ ಕಣ್ಣು ಊದಿಕೊಂಡಿತ್ತು. ರೆಪ್ಪೆ ಕೆಂಪಗಾಗಿ, ಗೀಜು ಕಟ್ಟಿ, ಕೆಲವಕ್ಕೆ ಕಣ್ಣೇ ಮುಚ್ಚಿಹೋಗಿತ್ತು. ಸ್ವಲ್ಪ ಸದ್ದಾದರೆ ಸಾಕು, ಮಿಕ್ಕ ಹಕ್ಕಿಗಳು ಬುರ್ರನೆ ಹಾರುತ್ತಿದ್ದವು. ಇವು ಕೂತಲ್ಲೇ ಕೂತಿರುತ್ತಿದ್ದವು. ಕಿಟಕಿಯ ಈಚೆಯಿಂದ ನೋಡುತ್ತಿದ್ದವರು ವಿಷಯವನ್ನು ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯಕ್ಕೆ ಮುಟ್ಟಿಸಿದರು.

ಇವರ್ಯಾರೂ ವಿಜ್ಞಾನಿಗಳಲ್ಲ. ಚಳಿಗಾಲದಲ್ಲಿ ಹಕ್ಕಿಗಳಿಗೆ ಕಾಳು ಹಾಕಿ, ಬಂದವುಗಳ ಲೆಕ್ಕ ಬರೆದು ಕಳಿಸುವ ಸ್ವಯಂಸೇವಕರು. ಮುಂದಿನ ವರ್ಷಗಳಲ್ಲಿ ಈ ಕಾಯಿಲೆ ಯಾವ ದಿಕ್ಕಿಗೆ ಹೋಯಿತು, ಎಷ್ಟು ಬೇಗ ಹೋಯಿತು, ಹಕ್ಕಿಗಳು ಎಲ್ಲೆಲ್ಲಿ ಕಮ್ಮಿ ಆದವು ಎಂಬುದು ತಿಳಿದದ್ದು ಬಹುಪಾಲು ಇವರಿಂದಲೇ. ಕಾಡುಹಕ್ಕಿಗಳಲ್ಲಿ ಹೊಸ ಸೋಂಕೊಂದು ಹರಡುವುದನ್ನು ಹೆಚ್ಚುಕಡಿಮೆ ಶುರುವಿನಿಂದಲೇ ಹಿಂಬಾಲಿಸಿದ ಇಂಥ ಉದಾಹರಣೆ ತೀರಾ ಅಪರೂಪ. ಅದರಲ್ಲೂ ನನಗೆ ಹಿಡಿಸಿದ್ದು ಒಂದು ಸಂಗತಿ. ಈ ಪ್ರಕರಣದಲ್ಲಿ ಕಾಯಿಲೆ ಹಕ್ಕಿ ನೋಡಿದವರ ವರದಿ ಎಷ್ಟು ಕೆಲಸಕ್ಕೆ ಬಂತೋ, ಏನೂ ನೋಡದವರ ವರದಿ ಅದಕ್ಕಿಂತ ಒಂದು ಕೈ ಜಾಸ್ತಿಯೇ ಬಂತು.

ಪಂಜರದಿಂದ ಹೊರಗೆ ಬಂದ ಹಕ್ಕಿ

ಹೌಸ್ ಫಿಂಚ್ ಗುಬ್ಬಚ್ಚಿಯಷ್ಟೇ ಗಾತ್ರದ ಹಕ್ಕಿ. ಗಂಡಿಗೆ ತಲೆ, ಎದೆಯ ಮೇಲೆ ಕೆಂಪು. ಹೆಣ್ಣು ಬರೀ ಕಂದು ಗೆರೆಯದು, ಸುಲಭಕ್ಕೆ ಗುರುತು ಹತ್ತುವುದಿಲ್ಲ. ಇದು ಮೂಲದಲ್ಲಿ ಉತ್ತರ ಅಮೆರಿಕದ ಪಶ್ಚಿಮ ಭಾಗ ಮತ್ತು ಮೆಕ್ಸಿಕೊದ ಹಕ್ಕಿ. 1940ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ವ್ಯಾಪಾರಿಗಳು ಇದಕ್ಕೆ ‘ಹಾಲಿವುಡ್ ಫಿಂಚ್’ ಎಂದು ಹೆಸರಿಟ್ಟು ಪಂಜರದಲ್ಲಿ ಮಾರುತ್ತಿದ್ದರು. 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅಧಿಕಾರಿಗಳ ಕಣ್ಣು ಬೀಳುತ್ತಿದ್ದಂತೆ ಕೆಲವರು ಸಿಕ್ಕಿಬೀಳುವ ಬದಲು ಪಂಜರದ ಬಾಗಿಲು ತೆಗೆದುಬಿಟ್ಟರು. ಲಾಂಗ್ ಐಲೆಂಡಿನಲ್ಲಿ ಒಂದಷ್ಟು ಹಕ್ಕಿಗಳು ಬದುಕಿಕೊಂಡವು. ಸುಮಾರು ಐವತ್ತು ವರ್ಷದಲ್ಲಿ ಅವುಗಳ ಸಂತತಿ ಅಮೆರಿಕದ ಪೂರ್ವ ಭಾಗವನ್ನೆಲ್ಲ ತುಂಬಿ, ಕೆನಡಾದ ದಕ್ಷಿಣದವರೆಗೂ ಹೋಯಿತು.

ಬೆಳೆ ದೊಡ್ಡದಾಯಿತು, ಬೀಜ ಮಾತ್ರ ಸಣ್ಣದು. ಕೆಲವೇ ಹಕ್ಕಿಗಳಿಂದ ಬೆಳೆದ ಹಿಂಡಿನಲ್ಲಿ ಆನುವಂಶಿಕ ವೈವಿಧ್ಯ ಕಮ್ಮಿ ಇರುತ್ತದೆ. ಹೊಸ ರೋಗಾಣು ಬಂದಾಗ ತಡೆದುಕೊಳ್ಳುವ ಶಕ್ತಿಯೂ ಎಲ್ಲಕ್ಕೂ ಒಂದೇ ಥರ ಕಮ್ಮಿ ಇರಬಹುದು.

ಬಂದ ರೋಗಾಣುವಿನ ಹೆಸರು ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್. ಕೋಳಿ ಮತ್ತು ಟರ್ಕಿ ಸಾಕುವವರಿಗೆ ಇದು ಹಳೇ ಶತ್ರು. ಅವಕ್ಕೆ ಉಸಿರಾಟದ ಕಾಯಿಲೆ ತರುತ್ತದೆ. ಫಿಂಚಿಗೆ ದಾಟಿದ ಮೇಲೆ ಕಣ್ಣು ಹಿಡಿಯಿತು. ಮನುಷ್ಯರಿಗೆ ಇದರಿಂದ ತೊಂದರೆ ಇಲ್ಲ. ಹಕ್ಕಿಯನ್ನೂ ಇದು ನೇರವಾಗಿ ಕೊಲ್ಲುವುದು ಕಮ್ಮಿ. ಕಣ್ಣು ಕಾಣದ ಹಕ್ಕಿ ಕಾಳು ಹುಡುಕಲಾರದು, ಗಿಡುಗ ಬಂದರೆ ತಪ್ಪಿಸಿಕೊಳ್ಳಲಾರದು. ಹಸಿವು, ಚಳಿ, ಬೇಟೆಗಾರ ಪ್ರಾಣಿ, ಈ ಮೂರರಲ್ಲಿ ಯಾವುದೋ ಒಂದು ಅದನ್ನು ಮುಗಿಸುತ್ತದೆ. ಹಾಗೆ ಸತ್ತ ಹಕ್ಕಿಯ ಹೆಣ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಸತ್ತವನ್ನು ಎಣಿಸಿ ಈ ಕಾಯಿಲೆಯನ್ನು ಅಳೆಯಲು ಆಗುವುದಿಲ್ಲ. ಬದುಕಿರುವವನ್ನೇ ಎಣಿಸಬೇಕು. ಅದೂ ಸಾವಿರಾರು ಕಡೆ, ವರ್ಷಗಟ್ಟಲೆ.

ಬೇಕಾಗುವ ಮೊದಲೇ ಬರೆದಿಟ್ಟ ಲೆಕ್ಕ

‘ಹಕ್ಕಿ ಕಮ್ಮಿ ಆಗಿದೆ’ ಎಂದು ಹೇಳಬೇಕಾದರೆ ಮೊದಲು ಎಷ್ಟಿತ್ತು ಎಂದು ಗೊತ್ತಿರಬೇಕು. ಕಾಯಿಲೆ ಬಂದ ಮೇಲೆ ಎಣಿಕೆ ಶುರು ಮಾಡಿದರೆ ಆ ‘ಮೊದಲು’ ಎಲ್ಲಿಂದ ತರುವುದು? ಇಲ್ಲಿ ಅದು ಕಡತದಲ್ಲಿ ಆಗಲೇ ಇತ್ತು.

ಉತ್ತರ ಅಮೆರಿಕದಲ್ಲಿ ಕ್ರಿಸ್‌ಮಸ್ ಹಕ್ಕಿ ಗಣತಿ ಎಂಬುದೊಂದು ಇದೆ. 1900ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿವಿಜ್ಞಾನಿ ಶುರು ಮಾಡಿದ್ದು. ಆಗ ಹಬ್ಬದ ದಿನ ತಂಡ ಕಟ್ಟಿಕೊಂಡು ಹೋಗಿ ಕಂಡ ಹಕ್ಕಿಗಳನ್ನೆಲ್ಲ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಹೊಡೆಯುವ ಬದಲು ಎಣಿಸೋಣ ಎಂದರು ಚಾಪ್ಮನ್. ಮೊದಲ ವರ್ಷ ಸೇರಿದ್ದು 27 ಜನ. ಈಗ ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರ ಒಳಗೆ ಒಂದು ದಿನ ಗೊತ್ತು ಮಾಡಿಕೊಂಡು, ಸುಮಾರು 24 ಕಿಲೋಮೀಟರ್ ವ್ಯಾಸದ ಒಂದು ವೃತ್ತದೊಳಗೆ ಕಂಡ ಹಕ್ಕಿಗಳನ್ನೆಲ್ಲ ಎಣಿಸುತ್ತಾರೆ. ಎಷ್ಟು ತಂಡ, ಎಷ್ಟು ಗಂಟೆ ಸುತ್ತಿತು ಎಂದೂ ಬರೆಯುತ್ತಾರೆ. ಹೊಸಬರಿಗೆ ಇದು ಕಾಟಾಚಾರದ ಕಾಲಂ ಅನ್ನಿಸಬಹುದು. ಆದರೆ ಹತ್ತು ಜನ ಸುತ್ತಿದ ವರ್ಷ ನೂರು ಹಕ್ಕಿ, ಐವತ್ತು ಜನ ಸುತ್ತಿದ ವರ್ಷ ಇನ್ನೂರು ಹಕ್ಕಿ ಸಿಕ್ಕರೆ, ಹಕ್ಕಿ ಹೆಚ್ಚಾಯಿತು ಅನ್ನಲು ಆಗುತ್ತದೆಯೇ? ಹೆಚ್ಚಾದದ್ದು ಜನ, ಅಲ್ವಾ?

ಎರಡನೆಯದು ಪ್ರಾಜೆಕ್ಟ್ ಫೀಡರ್‌ವಾಚ್. ಫೀಡರ್ ಎಂದರೆ ಹಕ್ಕಿಗಳಿಗಾಗಿ ಹೊರಗೆ ತೂಗುಹಾಕುವ ಕಾಳಿನ ಡಬ್ಬಿ. 1976ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಸಣ್ಣದಾಗಿ ಶುರುವಾದ ಈ ಎಣಿಕೆ 1987ರ ಚಳಿಗಾಲದಿಂದ ಕಾರ್ನೆಲ್ ಜೊತೆ ಸೇರಿ ಇಡೀ ಖಂಡಕ್ಕೆ ಹಬ್ಬಿತು. ಇದರ ನಿಯಮ ನನಗೆ ತುಂಬಾ ಇಷ್ಟ. ಎರಡು ದಿನ ಒಂದರ ಹಿಂದೆ ಒಂದು ಎಣಿಸಬೇಕು. ಆಮೇಲೆ ಕೆಲವು ದಿನ ಬಿಡುವು. ಒಂದೊಂದು ಜಾತಿಯದೂ ಒಂದೇ ಹೊತ್ತಿನಲ್ಲಿ ಒಟ್ಟಿಗೆ ಕಂಡ ಅತಿ ದೊಡ್ಡ ಸಂಖ್ಯೆಯನ್ನು ಮಾತ್ರ ಬರೆಯಬೇಕು. ಬೆಳಿಗ್ಗೆ ಮೂರು, ಮಧ್ಯಾಹ್ನ ಐದು, ಸಂಜೆ ನಾಲ್ಕು ಬಂದರೆ ಕೂಡಿಸಿ ಹನ್ನೆರಡು ಎಂದು ಬರೆಯುವ ಹಾಗಿಲ್ಲ. ಉತ್ತರ ಐದು. ಬೆಳಿಗ್ಗೆ ಬಂದ ಮೂರೇ ಸಂಜೆ ಮತ್ತೆ ಬಂದಿರಬಹುದಲ್ಲ! ಇದರಲ್ಲಿ ನಿಜವಾದ ಸಂಖ್ಯೆ ಸಿಗುವುದಿಲ್ಲ. ಆದರೆ ಎಲ್ಲರೂ ಪ್ರತಿ ವರ್ಷ ಒಂದೇ ಥರ ತಪ್ಪುತ್ತಾರೆ. ಏರಿಳಿತ ನೋಡಲು ಅಷ್ಟು ಸಾಕು. ಇನ್ನೊಂದು ತಮಾಷೆ ಏನೆಂದರೆ, ಭಾಗವಹಿಸುವವರೇ ಶುಲ್ಕ ಕಟ್ಟಿ ಈ ಯೋಜನೆ ನಡೆಸುತ್ತಾರೆ. ಕೆಲಸವೂ ಅವರದೇ, ಖರ್ಚೂ ಅವರದೇ.

ಈ ಎರಡೂ ಎಣಿಕೆಗಳನ್ನು ಕಣ್ಣುಬೇನೆಗಾಗಿ ಮಾಡಿದ್ದಲ್ಲ. ಸುಮ್ನೆ, ಪ್ರತಿ ವರ್ಷದ ಹಾಗೆ, ಮಾಡಿಟ್ಟದ್ದು.

ಮೂರು ಉತ್ತರದ ಫಾರಂ

1994ರ ನವೆಂಬರಿನಲ್ಲಿ ಕಾರ್ನೆಲ್ ತಂಡ ಹೌಸ್ ಫಿಂಚ್ ರೋಗ ಸಮೀಕ್ಷೆ ಶುರು ಮಾಡಿತು. ಆಂದ್ರೆ ದೊಂಟ್, ವೆಸ್ಲಿ ಹೊಚಾಚ್ಕಾ ಮೊದಲಾದವರು ಇದರಲ್ಲಿದ್ದರು. ಫೀಡರ್‌ವಾಚ್ ಎಣಿಸುವವರನ್ನೇ ಕೇಳಿಕೊಂಡರು: ನಿಮ್ಮ ಫೀಡರಿಗೆ ಬರುವ ಹೌಸ್ ಫಿಂಚ್‌ಗಳ ಕಣ್ಣು ನೋಡಿ, ಬರೆದು ಕಳಿಸಿ.

ಇಲ್ಲಿ ಸಮೀಕ್ಷೆ ಹೆಣೆದವರು ಒಂದು ಜಾಣತನ ಮಾಡಿದರು. ‘ಕಾಯಿಲೆ ಹಕ್ಕಿ ಕಂಡರೆ ತಿಳಿಸಿ’ ಎಂದು ಕೇಳಲಿಲ್ಲ. ನೋಡಿದ ದಿನಗಳಿಗೆಲ್ಲ ಉತ್ತರ ಕೇಳಿದರು. ಉತ್ತರ ಮೂರು ಥರ ಇರಬಹುದು. ಹೌಸ್ ಫಿಂಚ್ ಬರಲೇ ಇಲ್ಲ. ಬಂತು, ಎಲ್ಲ ಚೆನ್ನಾಗಿದ್ದವು. ಬಂತು, ಕಣ್ಣುಬೇನೆ ಇತ್ತು.

ಇದರ ಬೆಲೆ ತಿಳಿಯಲು ಒಂದು ಲೆಕ್ಕ ಹಾಕಿ ನೋಡೋಣ. ಒಂದು ಊರಿನಿಂದ ಹತ್ತು ‘ಕಾಯಿಲೆ ಕಂಡೆ’ ಪತ್ರ ಬಂತು. ಇನ್ನೊಂದು ಊರಿನಿಂದಲೂ ಹತ್ತೇ ಬಂತು. ಎರಡೂ ಕಡೆ ಕಾಯಿಲೆ ಒಂದೇ ಮಟ್ಟದಲ್ಲಿದೆಯೇ? ಮೊದಲ ಊರಿನಲ್ಲಿ ನೋಡುತ್ತಿದ್ದವರು ಹನ್ನೆರಡು ಜನ, ಎರಡನೇ ಊರಿನಲ್ಲಿ ನಾನೂರು ಜನ ಎಂದಾದರೆ ಕಥೆಯೇ ಬೇರೆ. ಆ ಹನ್ನೆರಡು, ಆ ನಾನೂರು ಗೊತ್ತಾಗುವುದು ‘ನೋಡಿದೆ, ಕಾಯಿಲೆ ಇರಲಿಲ್ಲ’ ಎಂದು ಬರೆದವರಿಂದ. ಅವರು ಬರೆಯದೇ ಸುಮ್ಮನಿದ್ದರೆ ನಮ್ಮ ಕೈಯಲ್ಲಿ ಉಳಿಯುವುದು ಸುದ್ದಿ. ಲೆಕ್ಕ ಸಿಗುವುದಿಲ್ಲ.

ಇನ್ನೂ ಒಂದಿದೆ. ಒಂದು ಜಾಗದಲ್ಲಿ ನವೆಂಬರಿನಿಂದ ಜನವರಿಯವರೆಗೆ ‘ಇಲ್ಲ, ಇಲ್ಲ, ಇಲ್ಲ’ ಎಂದು ಬಂದು, ಫೆಬ್ರವರಿಯಲ್ಲಿ ‘ಇದೆ’ ಎಂದು ಬಂದರೆ ಕಾಯಿಲೆ ಯಾವಾಗ ಕಾಲಿಟ್ಟಿತು ಎಂದು ಗೊತ್ತಾಗುತ್ತದೆ. ಹಿಂದಿನ ‘ಇಲ್ಲ’ಗಳು ಇರದೇ ಹೋದರೆ? ಕಾಯಿಲೆ ಫೆಬ್ರವರಿಯಲ್ಲಿ ಬಂತೋ, ಜನ ನೋಡಲು ಶುರು ಮಾಡಿದ್ದೇ ಫೆಬ್ರವರಿಯಲ್ಲೋ, ಹೇಳಲು ದಾರಿ ಇಲ್ಲ.

ಆದರೆ ‘ಇಲ್ಲ’ ಎಂದು ಬರೆಯುವುದು ಬಹಳ ಬೇಜಾರಿನ ಕೆಲಸ. ಯಾವ ಸ್ವಯಂಸೇವಕರ ಗುಂಪಿನಲ್ಲಾದರೂ ಈ ಕಷ್ಟ ಇದ್ದದ್ದೇ. ಅಪರೂಪದ್ದು ಕಂಡರೆ ಎಲ್ಲರೂ ಬರೆಯುತ್ತಾರೆ. ಏನೂ ಕಾಣದ ದಿನ ‘ಇದನ್ನೇನು ಕಳಿಸುವುದು’ ಅನ್ನಿಸುತ್ತದೆ. ಕಾಯಿಲೆ ಇನ್ನೂ ಮುಟ್ಟದ ಊರುಗಳಲ್ಲಿ ಕೂತು, ತಿಂಗಳುಗಟ್ಟಲೆ ಆರೋಗ್ಯವಾದ ಹಕ್ಕಿಗಳನ್ನೇ ನೋಡಿ ಫಾರಂ ತುಂಬಿದವರ ಮೇಲೆ ಈ ಇಡೀ ಕೆಲಸ ನಿಂತಿತ್ತು. ಅವರ ಹೆಸರು ಯಾವ ವರದಿಯಲ್ಲೂ ದೊಡ್ಡ ಅಕ್ಷರದಲ್ಲಿ ಬರುವುದಿಲ್ಲ.

ನಕ್ಷೆಯಲ್ಲಿ ಕಂಡದ್ದು

ಫಾರಂಗಳನ್ನು ತಿಂಗಳ ಪ್ರಕಾರ ನಕ್ಷೆಯ ಮೇಲೆ ಇಟ್ಟಾಗ ಕಾಯಿಲೆ ನಡೆದ ದಾರಿ ಕಣ್ಣಿಗೆ ಕಟ್ಟಿತು. ಮೂರು-ನಾಲ್ಕು ವರ್ಷದೊಳಗೆ ಅದು ಪೂರ್ವ ಭಾಗದ ಫಿಂಚ್ ಇರುವ ಪ್ರದೇಶವನ್ನೆಲ್ಲ ಹೆಚ್ಚುಕಡಿಮೆ ಆವರಿಸಿತ್ತು. ಆ ಹಕ್ಕಿ ಐವತ್ತು ವರ್ಷದಲ್ಲಿ ನಡೆದ ದಾರಿಯನ್ನು ರೋಗಾಣು ನಾಲ್ಕೇ ವರ್ಷದಲ್ಲಿ ಮುಗಿಸಿತು.

ವರ್ಷದ ತಾಳವೂ ಸಿಕ್ಕಿತು. ಶರತ್ಕಾಲ ಮತ್ತು ಚಳಿಗಾಲದಲ್ಲಿ ಕಾಯಿಲೆ ಏರುತ್ತದೆ, ಮರಿ ಮಾಡುವ ಕಾಲದಲ್ಲಿ ಇಳಿಯುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ಶರತ್ಕಾಲಕ್ಕೆ ದೊಡ್ಡ ಹಿಂಡು ಸೇರುತ್ತವೆ. ಅವಕ್ಕೆ ಈ ಸೋಂಕಿನ ಪರಿಚಯವೇ ಇಲ್ಲ. ಚಳಿಗೆ ಎಲ್ಲವೂ ಫೀಡರಿಗೆ ಮುಗಿಬೀಳುತ್ತವೆ. ಗೂಡು ಕಟ್ಟುವಾಗ ಜೋಡಿ ಜೋಡಿಯಾಗಿ ಚದುರುತ್ತವೆ.

ಎಲ್ಲಕ್ಕಿಂತ ದೊಡ್ಡ ಫಲಿತಾಂಶ 2000ನೇ ಇಸವಿಯಲ್ಲಿ ಬಂತು. ಹೊಚಾಚ್ಕಾ ಮತ್ತು ದೊಂಟ್ ರೋಗ ಸಮೀಕ್ಷೆಯ ಮಾಹಿತಿಯನ್ನು ಹಕ್ಕಿಗಳ ಸಂಖ್ಯೆಯ ಎಣಿಕೆಗಳ ಪಕ್ಕದಲ್ಲಿಟ್ಟು ನೋಡಿದರು. ಕಾಯಿಲೆ ಬಂದ ಮೇಲೆ ಹೌಸ್ ಫಿಂಚ್ ಇಳಿದದ್ದು ಸ್ಪಷ್ಟವಾಗಿತ್ತು. ಹಲವೆಡೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿರಲಿಲ್ಲ. ಮೊದಲು ಕಿಕ್ಕಿರಿದಿದ್ದ ಕಡೆ ಭಾರಿ ಕುಸಿತ. ಮೊದಲೇ ಕಮ್ಮಿ ಇದ್ದ ಕಡೆ ಅಷ್ಟಿಲ್ಲ. ಕೊನೆಗೆ ಬೇರೆ ಬೇರೆ ಜಾಗಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಂತವು.

ಹಕ್ಕಿ ಜಾಸ್ತಿ ಇದ್ದಷ್ಟೂ ಒಂದಕ್ಕೊಂದು ತಾಗುವುದು ಜಾಸ್ತಿ, ಸೋಂಕು ದಾಟುವುದೂ ಜಾಸ್ತಿ. ಸಂಖ್ಯೆ ಒಂದು ಮಟ್ಟಕ್ಕೆ ಇಳಿದಾಗ ರೋಗದ ಓಟಕ್ಕೂ ಕಡಿವಾಣ ಬೀಳುತ್ತದೆ. ಸೋಂಕುಶಾಸ್ತ್ರದವರು ಇದನ್ನು ಸೂತ್ರಗಳಲ್ಲಿ ಬಹಳ ಹಿಂದೆಯೇ ಬರೆದಿಟ್ಟಿದ್ದರು. ಕಾಡುಹಕ್ಕಿಗಳಲ್ಲಿ, ಅರ್ಧ ಖಂಡದಷ್ಟು ಜಾಗದಲ್ಲಿ, ನಿಜವಾಗಿ ನಡೆಯುವುದನ್ನು ತೋರಿಸುವುದು ಬೇರೆ ಮಾತು. ಅದಕ್ಕೆ ಕಾಯಿಲೆಗೆ ಮುಂಚಿನ ಸಂಖ್ಯೆ ಬೇಕಿತ್ತು, ಕಾಯಿಲೆ ಬಂದ ಹೊತ್ತು ಬೇಕಿತ್ತು, ಆಮೇಲಿನ ಸಂಖ್ಯೆಯೂ ಬೇಕಿತ್ತು. ಮೂರೂ ಬಂದದ್ದು ಸ್ವಯಂಸೇವಕರಿಂದ.

ಮುಂದೆ ಇದೇ ಕಡತಗಳಿಂದ ಇನ್ನೊಂದು ವಿಷಯ ಹೊರಬಿತ್ತು. ಹೌಸ್ ಫಿಂಚ್ ಮತ್ತು ಗುಬ್ಬಚ್ಚಿಗಳ ಸಂಖ್ಯೆ ತಕ್ಕಡಿಯ ಎರಡು ತಟ್ಟೆಯ ಹಾಗೆ ಇತ್ತು. ಫಿಂಚ್ ಹಬ್ಬಿದಾಗ ಗುಬ್ಬಚ್ಚಿ ಇಳಿಯಿತು. ಕಾಯಿಲೆಯಿಂದ ಫಿಂಚ್ ಇಳಿದಾಗ ಗುಬ್ಬಚ್ಚಿಗೆ ಅನುಕೂಲವಾಯಿತು. ಎರಡರ ನಡುವೆ ಪೈಪೋಟಿ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆಂದೇ ಪ್ರಯೋಗ ಮಾಡಿದರೂ ಸಿಗುವುದು ಕಷ್ಟ.

ಇಲ್ಲಿ ಒಬ್ಬರು ಕೇಳಬಹುದು. ಪೂರ್ವಕ್ಕೆ ಹೌಸ್ ಫಿಂಚ್ ಹೊರಗಿನಿಂದ ಬಂದ ಹಕ್ಕಿ, ಅದು ಕಮ್ಮಿ ಆದರೆ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ? ಸರಿಯಾದ ಪ್ರಶ್ನೆಯೇ. ಆದರೆ ಮುಂದಿನ ರೋಗ ಯಾವ ಹಕ್ಕಿಗೆ ಬರುತ್ತದೋ ಯಾರಿಗೆ ಗೊತ್ತು? 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 1970ರಿಂದೀಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಮ್ಮಿಯಾಗಿವೆ. ಹಾಗೆ ಇಳಿದವುಗಳಲ್ಲಿ ತೀರಾ ಸಾಮಾನ್ಯ ಎನಿಸಿಕೊಂಡ ಹಕ್ಕಿಗಳೇ ಬಹಳ. ಆ ಲೆಕ್ಕಕ್ಕೂ ಬೆನ್ನೆಲುಬು ಸ್ವಯಂಸೇವಕರ ಎಣಿಕೆಯೇ.

ಎಡವಿದ ಜಾಗಗಳು

ಎಲ್ಲವೂ ನೆಟ್ಟಗೆ ನಡೆಯಿತು ಎಂದರೆ ಸುಳ್ಳಾಗುತ್ತದೆ.

ಮೊದಲನೆಯದು ಗುರುತಿನ ಗೊಂದಲ. ಪರ್ಪಲ್ ಫಿಂಚ್ ಎಂಬ ಇನ್ನೊಂದು ಹಕ್ಕಿ ಹೌಸ್ ಫಿಂಚಿನ ತದ್ರೂಪು. ಹೆಣ್ಣುಗಳನ್ನಂತೂ ಪಳಗಿದವರೂ ತಡವರಿಸಿ ಹೇಳಬೇಕು. ಎರಡನೆಯದು, ಒಂದೇ ಕಣ್ಣಿಗೆ ಬೇನೆ ಬಂದಿರುತ್ತದೆ, ಹಕ್ಕಿ ಇನ್ನೊಂದು ಮಗ್ಗುಲು ತೋರಿಸಿ ಕೂತಿರುತ್ತದೆ. ಕಿಟಕಿಯಿಂದ ನೋಡುವವರು ‘ಆರೋಗ್ಯ’ ಎಂದು ಬರೆಯುತ್ತಾರೆ. ಮೂರನೆಯದು ಇದಕ್ಕೆ ಉಲ್ಟಾ. ಕಾಯಿಲೆ ಹಕ್ಕಿ ಫೀಡರ್ ಬಿಟ್ಟು ಕದಲುವುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದು ಜಾಸ್ತಿ. ಒಂದೇ ಹಕ್ಕಿ ದಿನವಿಡೀ ಕೂತು ಕಾಯಿಲೆ ಜೋರಾಗಿದೆ ಅನ್ನಿಸಬಹುದು.

ವಿಜ್ಞಾನಿಗಳು ಇದಕ್ಕೆ ಎರಡು ರೀತಿ ಮದ್ದು ಹುಡುಕಿದರು. ಒಂದು, ಕಾರ್ನೆಲ್ ಇರುವ ಇಥಾಕಾ ಊರಿನ ಸುತ್ತ ತಾವೇ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ಹಾಕಿ, ಕಣ್ಣು ಪರೀಕ್ಷಿಸಿ ಬಿಟ್ಟರು. ಕಾಯಿಲೆ ಹಕ್ಕಿ ಮತ್ತು ಆರೋಗ್ಯದ ಹಕ್ಕಿ ಕಣ್ಣಿಗೆ ಬೀಳುವ ಸಾಧ್ಯತೆಯಲ್ಲಿ ಎಷ್ಟು ವ್ಯತ್ಯಾಸ ಇದೆ ಎಂದು ಅಳೆಯಲು ಇದು ಬೇಕಿತ್ತು. ಇನ್ನೊಂದು, ಸ್ವಯಂಸೇವಕರ ಮಾಹಿತಿಯಿಂದ ಅದು ಹೇಳಬಲ್ಲದ್ದನ್ನು ಮಾತ್ರ ಕೇಳಿದರು. ‘ಈ ಹಿತ್ತಲಿನಲ್ಲಿ ನಿಖರವಾಗಿ ಶೇಕಡಾ ಎಷ್ಟು ಹಕ್ಕಿಗೆ ಕಾಯಿಲೆ’ ಎಂಬ ಪ್ರಶ್ನೆಗೆ ಅದು ತಕ್ಕದ್ದಲ್ಲ. ‘ಈ ತಿಂಗಳು ಈ ಪ್ರದೇಶದಲ್ಲಿ ಕಾಯಿಲೆ ಏರುತ್ತಿದೆಯೋ ಇಳಿಯುತ್ತಿದೆಯೋ’ ಎಂಬುದಕ್ಕೆ ಧಾರಾಳ ಸಾಕು. ನನ್ನ ಮಟ್ಟಿಗೆ ಸಾಮಾನ್ಯ ಜನರ ಮಾಹಿತಿಯನ್ನು ‘ನಂಬಬಹುದೇ, ಇಲ್ಲವೇ’ ಎಂದು ಕೇಳುವುದೇ ಅಷ್ಟು ಸರಿಯಲ್ಲ. ಯಾವ ಪ್ರಶ್ನೆಗೆ ನಂಬಬಹುದು ಎಂದು ಕೇಳಬೇಕು.

ಫೀಡರ್ ಎಂಬ ಪೇಚು

ಇಷ್ಟು ಹೊತ್ತು ಬದಿಗಿಟ್ಟ ಒಂದು ವಿಷಯಕ್ಕೆ ಈಗ ಬರಲೇಬೇಕು. ಸ್ವಯಂಸೇವಕರು ಹಕ್ಕಿ ಎಣಿಸುತ್ತಿದ್ದದ್ದು ಫೀಡರಿನಲ್ಲಿ. ಕಾಯಿಲೆ ಹರಡುತ್ತಿದ್ದದ್ದೂ ಅಲ್ಲೇ.

ಕೊಳವೆಯಾಕಾರದ ಫೀಡರಿನಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಹಕ್ಕಿ ಅದರೊಳಗೆ ತಲೆ ತೂರಿಸಿ ಕಾಳು ತೆಗೆಯುತ್ತದೆ. ಕಿಂಡಿಯ ಅಂಚಿಗೆ ಕಣ್ಣು ತಾಗುತ್ತದೆ. ಗೀಜು ಅಂಟುತ್ತದೆ. ಮುಂದಿನ ಹಕ್ಕಿ ಬಂದು ಅದೇ ಕಿಂಡಿಗೆ ತಲೆ ಹಾಕುತ್ತದೆ. 1998ರಲ್ಲೇ ಇದೇ ಸ್ವಯಂಸೇವಕರ ಮಾಹಿತಿ ಕೊಳವೆ ಫೀಡರ್ ಇರುವ ಕಡೆ ಅಪಾಯ ಜಾಸ್ತಿ ಎಂದು ತೋರಿಸಿತ್ತು. 2007ರಲ್ಲಿ ದೊಂಟ್ ಮತ್ತು ಸಂಗಡಿಗರು ಫೀಡರಿನ ಮೂಲಕವೇ ಸೋಂಕು ದಾಟಬಲ್ಲದು ಎಂದು ಪ್ರಯೋಗ ಮಾಡಿ ತೋರಿಸಿದರು. 2015ರಲ್ಲಿ ವರ್ಜೀನಿಯಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಫೀಡರಿನಲ್ಲಿ ಜಾಸ್ತಿ ಹೊತ್ತು ಕಳೆಯುವ ಹಕ್ಕಿಗಳಿಗೇ ಸೋಂಕು ತಗಲುವುದು ಜಾಸ್ತಿ, ಹಬ್ಬಿಸುವುದರಲ್ಲೂ ಅವೇ ಮುಂದು.

ಹಕ್ಕಿ ಮೇಲಿನ ಪ್ರೀತಿಯಿಂದ ಕಾಳು ಹಾಕಿದವರಿಗೆ ಇದನ್ನು ಓದಿ ಹೇಗಾಗಿರಬೇಡ. ಹಾಗಂತ ವಿಷಯ ಮುಚ್ಚಿಡಲು ಬರುವುದಿಲ್ಲ. ಎಣಿಸುವವರಿಗೆ ಹೇಳಿದ್ದು ಇಷ್ಟು: ಫೀಡರನ್ನು ಆಗಾಗ, ಎರಡು ವಾರಕ್ಕೊಮ್ಮೆಯಾದರೂ ತೊಳೆಯಿರಿ. ಒಂದು ಭಾಗ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಉಜ್ಜಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಕೆಳಗೆ ಬಿದ್ದ ಹಳೇ ಕಾಳು, ಹಿಕ್ಕೆ ಗುಡಿಸಿ ತೆಗೆಯಿರಿ. ಕಾಯಿಲೆ ಹಕ್ಕಿ ಕಂಡರೆ ಕೆಲವು ದಿನ ಫೀಡರ್ ಇಳಿಸಿಬಿಡಿ. ಹಕ್ಕಿಯನ್ನು ಹಿಡಿದು ಔಷಧ ಹಾಕಲು ಹೋಗಬೇಡಿ.

ರೋಗ ಅಲ್ಲಿಗೆ ನಿಲ್ಲಲಿಲ್ಲ. 2000ದ ದಶಕದಲ್ಲಿ ಅದು ಹೌಸ್ ಫಿಂಚಿನ ತವರಾದ ಪಶ್ಚಿಮಕ್ಕೂ ದಾಟಿತು. ರೋಗಾಣುವಿನ ತಳಿಗಳು ಕಾಲ ಕಳೆದಂತೆ ಇನ್ನಷ್ಟು ಜೋರಾದವು. ಹಕ್ಕಿಗಳಲ್ಲೂ ತಡೆದುಕೊಳ್ಳುವ ಶಕ್ತಿ ಸ್ವಲ್ಪ ಸ್ವಲ್ಪವೇ ಬೆಳೆಯುತ್ತಿರುವುದು ಪ್ರಯೋಗಗಳಲ್ಲಿ ಕಂಡಿದೆ. ಫೀಡರ್‌ವಾಚ್ ಎಣಿಸುವವರು ಈಗಲೂ ಪ್ರತಿ ಚಳಿಗಾಲ ಫಿಂಚ್‌ಗಳ ಕಣ್ಣು ನೋಡುತ್ತಾರೆ.

ಅವರಲ್ಲಿ ಒಬ್ಬರ ಕಿಟಕಿಯಾಚೆ ಒಂದು ಬೆಳಿಗ್ಗೆ ಕಣ್ಣು ಊದಿದ ಫಿಂಚ್ ಬಂದು ಕೂರುತ್ತದೆ ಎಂದುಕೊಳ್ಳಿ. ಅವರು ಮೊದಲು ಬರೆಯುತ್ತಾರೆ: ಹೌಸ್ ಫಿಂಚ್ ಆರು, ಕಣ್ಣುಬೇನೆ ಒಂದಕ್ಕೆ. ಆಮೇಲೆ ಫೀಡರ್ ಇಳಿಸಿ ತೊಳೆಯಲು ಹೋಗುತ್ತಾರೆ. ಮುಂದಿನ ವಾರ ಅವರ ಹಿತ್ತಲಿಗೆ ಹಕ್ಕಿ ಬರುವುದಿಲ್ಲ, ಎಣಿಕೆಯೂ ಇಲ್ಲ. ಆ ಸಾಲು ಖಾಲಿ ಉಳಿಯುತ್ತದೆ. ಅಲ್ಲಿ ಅವರು ಸೊನ್ನೆ ಹಾಕುವುದಿಲ್ಲ. ಸೊನ್ನೆ ಹಾಕಬೇಕಾದರೆ ನೋಡಿರಬೇಕು.